ಅಮೆರಿಕದ ಸಂಸತ್ತು ಮಂಜೂರು ಮಾಡಿದ ದುಡ್ಡನ್ನು ತಡೆಯೋಕೆ ಅಧ್ಯಕ್ಷರು ಯಾರು?

ನಿನ್ನೆ ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ಹೇಳಿದ ಮಾತು ಇನ್ನೂ ತಲೆ ಕೊರೀತಿದೆ. "ನೋಡಮ್ಮ, ಮನೆ ಯಜಮಾನ ದಂಡದ ಖರ್ಚು ನಿಲ್ಲಿಸಿದರೆ ಮನೆಯವರು ಖುಷಿಪಡಬೇಕು. ಅಧ್ಯಕ್ಷ ಟ್ರಂಪ್ ದುಡ್ಡು ಉಳಿಸಿದರೆ ನಿಮಗೇನು ಕಷ್ಟ?" ಅಂದರು. ಸುತ್ತ ಇದ್ದವರೂ ತಲೆಯಾಡಿಸಿದರು. ಅಷ್ಟು ಜನರ ಮುಂದೆ ಜಗಳ ಬೇಡ ಅಂತ "ಹಾಗಲ್ಲ ಅಂಕಲ್" ಅಂದು ತಟ್ಟೆ ಹಿಡಿದು ಮುಂದೆ ಹೋದೆ. ಆದರೆ ಇದು ಸುಮ್ನೆ ಬಿಡೋ ಮಾತಲ್ಲ.

ಅಮೆರಿಕದ ಖಜಾನೆಗೆ ಅಧ್ಯಕ್ಷರು ಯಜಮಾನರಲ್ಲ. ಕಾನೂನಿನ ಮೂಲಕ ಮಂಜೂರಾಗದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಅಂತ ಸಂವಿಧಾನದ ಮೊದಲನೇ ವಿಧಿಯಲ್ಲೇ ಇದೆ. ಆ ಕಾನೂನು ಮಾಡೋದು ಸಂಸತ್ತು. ಅಧ್ಯಕ್ಷರಿಗೆ ಇಷ್ಟ ಇಲ್ಲದಿದ್ದರೆ ವೀಟೋ ಮಾಡಬಹುದು, ಅಂದರೆ ಸಹಿ ಹಾಕದೆ ವಾಪಸ್ ಕಳಿಸಬಹುದು. ಎರಡೂ ಸದನಗಳು ಮೂರನೇ ಎರಡರಷ್ಟು ಮತದಿಂದ ಆ ವೀಟೋವನ್ನು ತಳ್ಳಿಹಾಕಬಹುದು. ಅಲ್ಲಿಗೆ ಮುಗೀತು. ಆಮೇಲೆ ಕಾನೂನನ್ನು ನಿಷ್ಠೆಯಿಂದ ಜಾರಿ ಮಾಡೋದು ಅಧ್ಯಕ್ಷರ ಕೆಲಸ. ಇದು ಕೂಡ ಸಂವಿಧಾನದ್ದೇ ಮಾತು.

ನಾನು ಶಾಲೆಗಳ ಲೆಕ್ಕಪತ್ರ ನೋಡೋಳು ಅಂತ ನಿಮಗೆಲ್ಲ ಗೊತ್ತು. ಕೇಂದ್ರದ ಕೆಲವು ಶಿಕ್ಷಣ ಅನುದಾನ ಪ್ರತಿವರ್ಷ ಜುಲೈ 1ಕ್ಕೆ ರಾಜ್ಯಗಳ ಕೈಗೆ ಸಿಗಬೇಕು. 2025ರಲ್ಲಿ, ಹಿಂದಿನ ದಿನ ಜೂನ್ 30ಕ್ಕೆ, ರಾಜ್ಯಗಳಿಗೆ ಒಂದು ಸಂದೇಶ ಬಂತು. ಪರಿಶೀಲನೆ ನಡೀತಿದೆ, ಸದ್ಯಕ್ಕೆ ಬಿಡುಗಡೆ ಇಲ್ಲ ಅಂತ. ಒಟ್ಟು ಸುಮಾರು 680 ಕೋಟಿ ಡಾಲರ್. ಅದೇ ಮಾರ್ಚ್‌ನಲ್ಲಿ ಸಂಸತ್ತು ಪಾಸು ಮಾಡಿ, ಇದೇ ಅಧ್ಯಕ್ಷರು ಸಹಿ ಹಾಕಿದ್ದ ಕಾನೂನಿನ ದುಡ್ಡು ಅದು. ಶಿಕ್ಷಕರ ತರಬೇತಿಗೆ, ಸಂಜೆ ಅಪ್ಪ ಅಮ್ಮ ಕೆಲಸದಿಂದ ಬರೋ ತನಕ ಮಕ್ಕಳನ್ನು ನೋಡಿಕೊಳ್ಳೋಕೆ, ಇಂಗ್ಲಿಷ್ ಇನ್ನೂ ಕಲಿಯುತ್ತಿರೋ ಮಕ್ಕಳಿಗೆ ಅಂತ ಇಟ್ಟಿದ್ದು. ಊರಿಂದ ಹೊಸದಾಗಿ ಬಂದ ನಮ್ಮವರ ಮಕ್ಕಳೂ ಆ ಇಂಗ್ಲಿಷ್ ತರಗತಿಗಳಲ್ಲೇ ಕೂರೋದು.

ಆ ಜುಲೈ ಪೂರ್ತಿ ಮುಖ್ಯೋಪಾಧ್ಯಾಯರುಗಳ ಫೋನು. "ಸಂಜೆ ಮಕ್ಕಳನ್ನು ನೋಡ್ಕೊಳ್ಳೋರಿಗೆ ಕೆಲಸ ಇದೆ ಅಂತ ಹೇಳ್ಲಾ, ಬೇಡ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಡಳಿತ ಪಕ್ಷದ ಸೆನೆಟರ್‌ಗಳೇ ಹತ್ತು ಜನ ಪತ್ರ ಬರೆದ ಮೇಲೆ, ಜುಲೈ ಕೊನೆಗೆ ದುಡ್ಡು ಬಿಟ್ಟರು. ಅಷ್ಟರಲ್ಲಿ ನಮ್ಮಲ್ಲಿ ವರ್ಷಗಟ್ಟಲೆ ಮಕ್ಕಳ ಜೊತೆ ಇದ್ದವರು ಕಾಯೋಕಾಗದೆ ಬೇರೆ ಕಡೆ ಸೇರಿಕೊಂಡಿದ್ದರು. ಅವರಿಗೂ ಮನೆ ಬಾಡಿಗೆ ಇದೆ. ಆ ಒಂದು ತಿಂಗಳಲ್ಲಿ ಒಂದು ಡಾಲರಾದರೂ ಉಳೀತಾ? ಇಲ್ಲ. ಹೋಗಿದ್ದು ಜನ ಮಾತ್ರ. ನನಗೆ ಸಿಟ್ಟು ಬರೋದು ಇದಕ್ಕೇ.

ಹಿಂದೆ ಅಧ್ಯಕ್ಷ ನಿಕ್ಸನ್ ಕಾಲದಲ್ಲೂ ಇದೇ ಆಗಿತ್ತು. 1972ರ ಅಕ್ಟೋಬರ್‌ನಲ್ಲಿ ನದಿ, ಕೆರೆಗಳ ನೀರು ಶುದ್ಧ ಮಾಡೋ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಊರೂರಿನ ಒಳಚರಂಡಿ ಕಾಮಗಾರಿಗೆ ಮೂರು ವರ್ಷದಲ್ಲಿ 1,800 ಕೋಟಿ ಡಾಲರ್. ನಿಕ್ಸನ್ ವೀಟೋ ಮಾಡಿದರು. ಮರುದಿನವೇ ಎರಡೂ ಸದನ ಆ ವೀಟೋವನ್ನು ತಳ್ಳಿಹಾಕಿದವು. ಆಗ ನಿಕ್ಸನ್ ಏನು ಮಾಡಿದರು ಗೊತ್ತಾ? ಮೊದಲ ಎರಡು ವರ್ಷಕ್ಕೆ 1,100 ಕೋಟಿ ಹಂಚಬೇಕಿತ್ತು. 500 ಕೋಟಿ ಮೀರಬೇಡಿ ಅಂತ ಅಧಿಕಾರಿಗೆ ಹೇಳಿಬಿಟ್ಟರು. ಅಂದರೆ ವೀಟೋದಲ್ಲಿ ಸೋತಿದ್ದನ್ನು ಖಜಾನೆ ಬಾಗಿಲಲ್ಲಿ ನಿಂತು ಗೆಲ್ಲೋಕೆ ನೋಡಿದರು. ಇದು ಎರಡನೇ ವೀಟೋ. ಸಂವಿಧಾನದಲ್ಲಿ ಎಲ್ಲೂ ಇಲ್ಲದ ವೀಟೋ. ಇದನ್ನು ತಳ್ಳಿಹಾಕೋಕೆ ಎಷ್ಟು ಮತ ಬೇಕು ಅಂತಲೂ ಯಾರಿಗೂ ಗೊತ್ತಿಲ್ಲ. ನ್ಯೂಯಾರ್ಕ್ ನಗರ ಕೇಸು ಹಾಕಿತು. 1975ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ನಗರದ ಪರ ನಿಂತರು.

ಇನ್ನೊಂದು ವಿಷಯ. 1969ರಲ್ಲಿ ಶಾಲೆಗಳ ಅನುದಾನ ತಡೆಯಬಹುದಾ ಅಂತ ನಿಕ್ಸನ್ ಸರ್ಕಾರದೊಳಗೇ ಪ್ರಶ್ನೆ ಎದ್ದಾಗ, ನ್ಯಾಯ ಇಲಾಖೆಯಲ್ಲಿದ್ದ ವಿಲಿಯಂ ರೆನ್‌ಕ್ವಿಸ್ಟ್, ಅಂಥ ಅಧಿಕಾರಕ್ಕೆ ತರ್ಕದ ಬೆಂಬಲವೂ ಇಲ್ಲ, ಹಿಂದಿನ ಉದಾಹರಣೆಯ ಬೆಂಬಲವೂ ಇಲ್ಲ ಅಂತ ಬರೆದುಕೊಟ್ಟರು. ಬಲಪಂಥೀಯರೆಂದೇ ಹೆಸರಾಗಿದ್ದ ಅವರೇ ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಎಡಪಂಥೀಯರ ವಾದ ಅಂತ ಇದನ್ನು ತಳ್ಳಿಹಾಕೋರಿಗಾಗಿ ಈ ಹೆಸರು ಹೇಳ್ತಿದ್ದೇನೆ.

"ಅಧ್ಯಕ್ಷ ಜೆಫರ್ಸನ್ ಕೂಡ ತಡೆದಿದ್ದರಲ್ಲ" ಅಂತ ಯಾರಾದರೂ ಬಂದೇ ಬರ್ತಾರೆ. ಹೌದು, 1803ರಲ್ಲಿ. ಮಿಸಿಸಿಪ್ಪಿ ನದಿಗೆ ಫಿರಂಗಿ ದೋಣಿ ಕಟ್ಟಿಸೋಕೆ ಇಟ್ಟಿದ್ದ 50,000 ಡಾಲರ್ ಅದು. ಅಷ್ಟರಲ್ಲಿ ಆ ನದಿ ಪಕ್ಕದ ಲೂಸಿಯಾನಾ ಪ್ರದೇಶವನ್ನೇ ಫ್ರಾನ್ಸಿನಿಂದ ಕೊಂಡು ಆಗಿತ್ತು, ಅವಸರ ಇರಲಿಲ್ಲ. ಅದನ್ನು ಅವರು ಸಂಸತ್ತಿಗೆ ತಾವೇ ಬರೆದು ತಿಳಿಸಿದರು. ಸಂಸತ್ತಿನ ತೀರ್ಮಾನವೇ ನನಗೆ ಬೇಡ ಅಂತ ಅವರು ಹೇಳಲಿಲ್ಲ.

ದೇಶದ ಸಾಲ ಬೆಳೀತಿದೆ ಅನ್ನೋ ಮಾತೂ ನಿಜ. 36 ಲಕ್ಷ ಕೋಟಿ ಡಾಲರ್ ದಾಟಿದೆ, ನನಗೂ ಹೆದರಿಕೆ ಆಗುತ್ತೆ. ಆದರೆ ಕಡಿತಕ್ಕೆ ದಾರಿ ಇದೆ. ನಿಕ್ಸನ್ ಕಾಲದ ಜಗಳದಿಂದಲೇ ಹುಟ್ಟಿದ 1974ರ ಕಾನೂನಿನ ಪ್ರಕಾರ, ಬೇಡವಾದ ಖರ್ಚಿನ ಪಟ್ಟಿಯನ್ನು ಅಧ್ಯಕ್ಷರು ಸಂಸತ್ತಿಗೆ ಕಳಿಸಬೇಕು. 45 ದಿನದೊಳಗೆ ಸಂಸತ್ತು ಒಪ್ಪದಿದ್ದರೆ ದುಡ್ಡು ಬಿಡಬೇಕು. 2025ರ ಜುಲೈನಲ್ಲಿ ಇದೇ ದಾರಿಯಲ್ಲಿ ಸುಮಾರು 900 ಕೋಟಿ ಡಾಲರ್ ಕಡಿತಕ್ಕೆ ಸಂಸತ್ತು ಒಪ್ಪಿತು. ನನಗೆ ಇಷ್ಟವಾಗಲಿಲ್ಲ, ಆದರೆ ನಾನು ತಕರಾರು ಎತ್ತಲಿಲ್ಲ. ನೇರವಾಗಿ ಮತಕ್ಕೆ ಹಾಕಿ ಗೆದ್ದರು.

ನೇರ ದಾರಿ ಬಿಟ್ಟಾಗ ಹೇಗಿರುತ್ತೆ ಅಂತ 2019ರಲ್ಲಿ ನೋಡಿದೆವು. ಉಕ್ರೇನಿಗೆ ಕೊಡಬೇಕಿದ್ದ ಸೇನಾ ನೆರವಿನಲ್ಲಿ 21.4 ಕೋಟಿ ಡಾಲರನ್ನು ಶ್ವೇತಭವನದ ಬಜೆಟ್ ಕಚೇರಿ ತಡೆದದ್ದು ಒಂದು ಅಡಿಟಿಪ್ಪಣಿಯಿಂದ. ಹಣ ಹಂಚಿಕೆಯ ಪತ್ರದ ಕೆಳಗೆ, ಇಂಥ ದಿನಾಂಕದ ತನಕ ಖರ್ಚು ಮಾಡಬೇಡಿ ಅಂತ ಎರಡು ಸಾಲು. ಆ ದಿನಾಂಕ ಹತ್ತಿರ ಬಂದಾಗ ಇನ್ನೊಂದು ಟಿಪ್ಪಣಿ, ಆಮೇಲೆ ಮತ್ತೊಂದು. ಲೆಕ್ಕ ಬರೆಯೋಳಾಗಿ ಹೇಳ್ತೇನೆ, ಈ ಸಾಲುಗಳನ್ನು ಹೊರಗಿನವರು ಯಾರೂ ಓದೋದಿಲ್ಲ. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಅದನ್ನು ಹುಡುಕಿ, ಇದು ಕಾನೂನು ಉಲ್ಲಂಘನೆ ಅಂತ 2020ರ ಜನವರಿಯಲ್ಲಿ ಹೇಳಿತು.

"ನಮ್ಮೂರಲ್ಲೂ ಬಜೆಟ್‌ನಲ್ಲಿ ಹೇಳಿದ್ದೆಲ್ಲ ಬಿಡುಗಡೆ ಆಗುತ್ತಾ?" ಅಂತಲೂ ಕೇಳ್ತಾರೆ. ಆಗಲ್ಲ. ಆದರೆ ಅಲ್ಲಿ ಸರ್ಕಾರ ನಿಂತಿರೋದೇ ಸದನದ ಬಹುಮತದ ಮೇಲೆ. ಸದನ ಕೈಬಿಟ್ಟರೆ ಮುಖ್ಯಮಂತ್ರಿ ಇಳೀಬೇಕು. ಇಲ್ಲಿ ಸಂಸತ್ತು ಎಷ್ಟೇ ಸಿಟ್ಟಾದರೂ ಅವಿಶ್ವಾಸ ಮತದಿಂದ ಅಧ್ಯಕ್ಷರನ್ನು ಇಳಿಸೋಕಾಗಲ್ಲ. ಅದಕ್ಕೇ ಖಜಾನೆಯ ಬೀಗದ ಕೈ ಸಂಸತ್ತಿನ ಹತ್ತಿರವೇ ಇರಬೇಕು.

2025ರ ಆಗಸ್ಟ್ ಕೊನೆಯಲ್ಲಿ ಆಗಿದ್ದಂತೂ ಇನ್ನೂ ಕೆಟ್ಟದ್ದು. ವಿದೇಶಿ ನೆರವಿನ 490 ಕೋಟಿ ಡಾಲರ್ ರದ್ದು ಮಾಡಿ ಅಂತ ಶ್ವೇತಭವನ ಪಟ್ಟಿ ಕಳಿಸಿತು. ಸೆಪ್ಟೆಂಬರ್ 30ಕ್ಕೆ ಆರ್ಥಿಕ ವರ್ಷವೇ ಮುಗಿಯುತ್ತೆ. 45 ದಿನ ಆಗೋದರೊಳಗೆ ಅನುದಾನ ತಾನಾಗೇ ಲ್ಯಾಪ್ಸ್, ಅಂದರೆ ಅವಧಿ ಮುಗಿದು ರದ್ದು. ಸಂಸತ್ತು ಬೇಡ ಅಂದರೂ ಕಡಿತ, ಸುಮ್ಮನಿದ್ದರೂ ಕಡಿತ. ನೆರವು ಪಡೆಯೋ ಸಂಸ್ಥೆಗಳು ಹಾಕಿದ ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ ಸೆಪ್ಟೆಂಬರ್ 26ರಂದು ಸುಮಾರು 400 ಕೋಟಿ ತಡೆಯೋಕೆ ಅನುಮತಿ ಸಿಕ್ಕಿತು. ಇದು ಅಂತಿಮ ತೀರ್ಪಲ್ಲ. ಆದರೆ ಆ 1974ರ ಕಾನೂನಿನ ಪ್ರಕಾರ ನೆರವು ಪಡೆಯೋ ಸಂಸ್ಥೆಗಳು ಕೇಸು ಹಾಕೋಕಾಗಲ್ಲ ಅನ್ನೋ ಸರ್ಕಾರದ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿದೆ ಅಂತ ಕೋರ್ಟು ಹೇಳಿತು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಆ ಕಾನೂನು ಕೇಸು ಹಾಕೋ ಅಧಿಕಾರ ಕೊಟ್ಟಿರೋದು ಜಿಎಒ ಮುಖ್ಯಸ್ಥರಿಗೆ. 2025ರ ತನಕ ಅವರು ಅದನ್ನು ಬಳಸಿದ್ದು ಒಂದೇ ಸಲ, 1975ರಲ್ಲಿ.

ಅಧ್ಯಕ್ಷರನ್ನು ತಡೆಯೋಕೆ ಮಾಡಿದ ಕಾನೂನೇ ಈಗ ಅವರಿಗೆ ಗುರಾಣಿ ಆಗಿದೆ. ಆದ್ದರಿಂದ ಅದನ್ನು ತಿದ್ದಬೇಕು. ದುಡ್ಡು ಸಿಗಬೇಕಾದ ಊರು, ಶಾಲೆ, ಸಂಸ್ಥೆಗಳೇ ಕೋರ್ಟಿಗೆ ಹೋಗೋ ಹಕ್ಕು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ವಿವಾದ ಇರುವಷ್ಟು ದಿನ ಅನುದಾನ ಲ್ಯಾಪ್ಸ್ ಆಗಬಾರದು. ಇಲ್ಲಿ ವೋಟು ಇರೋ ಕನ್ನಡಿಗರು ನಿಮ್ಮ ಕ್ಷೇತ್ರದ ಸದಸ್ಯರ ಕಚೇರಿಗೆ ಫೋನ್ ಮಾಡಿ ಈ ಎರಡು ವಿಷಯ ಕೇಳಿ. ಅವರು ಯಾವ ಪಕ್ಷದವರಾದರೂ ಸರಿ. ನಾನು ನಾಳೆ ಬೆಳಿಗ್ಗೆ ಮಾಡ್ತಿದ್ದೇನೆ.