ಖಳನಾಯಕಿ ಒಬ್ಬಳಿದ್ದರೆ ಸಾಕೇ?

ನಿನ್ನೆ ಬಸವನಗುಡಿಯಲ್ಲಿ ಒಂದು ಪುಸ್ತಕದ ಮಾತುಕತೆಗೆ ಹೋಗಿದ್ದೆ. ಹೋಗಬಾರದಿತ್ತು.

ಅಮೆರಿಕದ ಮೆಂಫಿಸ್ ನಗರದ ದತ್ತು ದಂಧೆಯನ್ನು ಕುರಿತ ಐತಿಹಾಸಿಕ ಕಾದಂಬರಿ ಅದು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, “ಎಂಥ ರಾಕ್ಷಸಿ! ಸದ್ಯ, ಸತ್ತಳಲ್ಲ” ಎಂದರು. ಅಷ್ಟರಲ್ಲಿ ಬೋಂಡಾ ಬಂತು. ಎಲ್ಲರೂ ಎದ್ದರು. (ನಾನೂ ಎರಡು ತಿಂದೆ, ಸುಳ್ಳೇಕೆ?)

ಆ ದಂಧೆ ನಡೆಸಿದ ಜಾರ್ಜಿಯಾ ಟ್ಯಾನ್ ರಾಕ್ಷಸಿಯೇ, ಸರಿ. 1924ರಿಂದ 1950ರವರೆಗೆ ಬಡವರ ಮಕ್ಕಳನ್ನು ಕಿತ್ತು, ಜನನ ದಾಖಲೆ ತಿದ್ದಿ, ಉಳ್ಳವರಿಗೆ ಮಾರಿದಳು. ಸುಮಾರು 5,000 ಮಕ್ಕಳು ಅವಳ ಕೈ ದಾಟಿ ಹೋದರು. ಆದರೆ ಇಪ್ಪತ್ತಾರು ವರ್ಷ ಒಬ್ಬಳೇ ಮಾಡುವ ಕೆಲಸವೇ ಇದು? ಕಾಗದ ತಿದ್ದಲು ಕೈಗಳು ಬೇಕು. ಆದೇಶ ಕೊಡಲು ಬಾಲ ನ್ಯಾಯಾಲಯದ ನ್ಯಾಯಾಧೀಶೆ ಕ್ಯಾಮಿಲ್ ಕೆಲಿ ಬೇಕು. ಕ್ರಿಸ್‌ಮಸ್ ಉಡುಗೊರೆಯೆಂದು ಕೂಸುಗಳ ಫೋಟೊ ಅಚ್ಚುಹಾಕಲು ಪತ್ರಿಕೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ‘ಇದು ಯಾರ ಮಗು’ ಎಂದು ಕೇಳದ ಸಜ್ಜನರು ಬೇಕು. ಹಗರಣ ಬಯಲಾದ ವಾರದಲ್ಲೇ ಟ್ಯಾನ್ ಕ್ಯಾನ್ಸರಿನಿಂದ ಸತ್ತಳು. ಕೆಲಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಕೇಸೇ ಇಲ್ಲ. ಆ ಮಕ್ಕಳು ತಮ್ಮ ಕಡತ ನೋಡಬೇಕೆಂದರೆ 1990ರ ದಶಕ ಬರಬೇಕಾಯಿತು.

“ಆದರೂ ಆ ಮಕ್ಕಳಿಗೆ ಒಳ್ಳೆಯ ಊಟ, ಓದು ಸಿಕ್ಕಿತಲ್ಲ?” ಎಂದರು ಹಿಂದಿನ ಸಾಲಿನವರೊಬ್ಬರು. ಸ್ವಾಮಿ, ಟ್ಯಾನ್ ಹೇಳುತ್ತಿದ್ದುದೂ ಅದನ್ನೇ! “ನಮ್ಮಲ್ಲಿ ಹೀಗೆಲ್ಲ ಇರಲಿಲ್ಲ ಬಿಡಿ” ಎಂದರು ಇನ್ನೊಬ್ಬರು. ಇರದಿದ್ದರೆ, ವಿದೇಶಕ್ಕೆ ಹೋಗುವ ಮಕ್ಕಳ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯಾಗಿಸಿಕೊಂಡು ಸುಪ್ರೀಂ ಕೋರ್ಟ್ 1984ರಲ್ಲಿ ನಿಯಮ ಹಾಕಿದ್ದು ಹೊತ್ತು ಹೋಗದೆಯೇ?

ನನ್ನ ಸಿಟ್ಟು ಅವರ ಮೇಲೆ ಮಾತ್ರವಲ್ಲ.

ನನ್ನ ಚಿಕ್ಕಮ್ಮನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ, ಚಾಮರಾಜಪೇಟೆಯ ಮನೆಯಲ್ಲಿ ಅವರ ಕೈಯ ಬಿಸಿಬೇಳೆಬಾತ್ ಉಂಡವರೂ ಇದ್ದೀರಿ. ಅವರು ಅಜ್ಜಿ ಹೆತ್ತ ಮಗಳಲ್ಲ. ಅಜ್ಜಿ ತಿಂಗಳುಗಟ್ಟಲೆ ಹೊಟ್ಟೆಗೆ ಬಟ್ಟೆ ಸುತ್ತಿಕೊಂಡು ಓಡಾಡಿದರಂತೆ. ಸೀಮಂತವೂ ಆಯಿತಂತೆ, ಹಸಿರು ಬಳೆ ತೊಡಿಸಿ. ಆಮೇಲೆ ಒಂದು ರಾತ್ರಿ ತಾತ ಒಂದು ನರ್ಸಿಂಗ್ ಹೋಮಿನಿಂದ ಕೂಸನ್ನು ತಂದರು. ಎಷ್ಟು ಕೊಟ್ಟರು, ಹೆತ್ತವಳಿಗೆ ಏನೆಂದು ಹೇಳಿದರು, ಯಾರೂ ಬಾಯಿ ಬಿಡಲಿಲ್ಲ. ಸೂಲಗಿತ್ತಿ, ಪುರೋಹಿತರು, ಎದುರುಮನೆಯವರು, ಎಲ್ಲರಿಗೂ ಗೊತ್ತಿತ್ತು. ನನಗೆ ಹತ್ತೊಂಬತ್ತನೆಯ ವಯಸ್ಸಿಗೇ ಗೊತ್ತಾಯಿತು. ಗೊತ್ತಿಲ್ಲದೆ ಉಳಿದವರು ಚಿಕ್ಕಮ್ಮ ಒಬ್ಬರೇ. ಅವರು ಹೋಗಿ ಮೂರು ವರ್ಷವಾಯಿತು. ಅದಕ್ಕೇ ಇದನ್ನು ಬರೆಯುವ ಶೌರ್ಯ ನನಗೆ ಬಂದಿದೆ.

ಕೊನೆಯ ವರ್ಷ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: “ನಿಮ್ಮ ತಾಯಿಗೆ, ಅಜ್ಜಿಗೆ ಯಾರಿಗಾದರೂ ಈ ಕಾಯಿಲೆ ಇತ್ತೇ?”

“ನಮ್ಮಮ್ಮ ತೊಂಬತ್ತು ವರ್ಷ ಗಟ್ಟಿಮುಟ್ಟಾಗಿದ್ದರು, ಡಾಕ್ಟ್ರೇ” ಎಂದರು ಚಿಕ್ಕಮ್ಮ ಹೆಮ್ಮೆಯಿಂದ.

ಡಾಕ್ಟರು ಅದನ್ನೇ ಬರೆದುಕೊಂಡರು. ನಾನು ಫೈಲ್ ಹಿಡಿದು ಪಕ್ಕದಲ್ಲೇ ಕೂತಿದ್ದೆ.