ವೇಳೆಗೆ ಸರಿಯಾಗಿ ನಿಂತಿರುವ ಗಾಡಿ

ಗಾಡಿ ಹಳಿಯ ಮೇಲೆ ಅಲುಗದೆ ನಿಂತಿರುವಾಗ ಕೈಯಲ್ಲಿರುವ ಮೊಬೈಲು ‘ಸರಿಯಾದ ಸಮಯಕ್ಕೆ ಚಲಿಸುತ್ತಿದೆ’ ಎಂದು ಹಸಿರು ಅಕ್ಷರಗಳಲ್ಲಿ ತೋರಿಸಿದರೆ ಯಾವುದನ್ನು ನಂಬಬೇಕು? ಮೊನ್ನೆ ಬೆಳಿಗ್ಗೆ ಮೈಸೂರಿನ ಕಡೆಯಿಂದ ಬರುವ ನಮ್ಮ ಮೆಮು (ಊರೂರಿಗೂ ನಿಲ್ಲುವ ವಿದ್ಯುತ್ ಪ್ಯಾಸೆಂಜರ್ ಗಾಡಿ) ಬೆಂಗಳೂರಿನ ಔಟರಿನಲ್ಲಿ, ಎಂದರೆ ನಿಲ್ದಾಣದ ಹೊರಗಿನ ಸಿಗ್ನಲಿನ ಬಳಿ, ನಿಂತಾಗ, ಕಿಟಕಿಯಾಚೆ ಯಾರದೋ ಮನೆಯ ತಾರಸಿಯ ಮೇಲೆ ಆಗತಾನೇ ಒಗೆದು ಹರವಿದ್ದ ನೀಲಿ ಲುಂಗಿಯೊಂದು ನೀರು ತೊಟ್ಟಿಕ್ಕುತ್ತಿತ್ತು. ನಾವು ಅಲ್ಲಿಂದ ಹೊರಡುವ ಹೊತ್ತಿಗೆ ಅದು ಗಾಳಿಗೆ ಹಾರಾಡುವಷ್ಟು ಒಣಗಿತ್ತು. ಅಷ್ಟೂ ಹೊತ್ತು ಮೊಬೈಲಿನ ಅಕ್ಷರಗಳು ಹಸಿರಾಗಿಯೇ ಇದ್ದವು. ತಡವನ್ನು ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ತಡವಾಗಿಯೇ ಇಲ್ಲವೆಂದು ಹೇಳಿಸಿಕೊಳ್ಳಬೇಕಾಗಿ ಬಂದದ್ದಕ್ಕೆ ಮೈಯೆಲ್ಲ ಉರಿಯಿತು.

ಇದರ ಗುಟ್ಟು ವೇಳಾಪಟ್ಟಿಯಲ್ಲಿಯೇ ಇದೆ. ರೈಲಿನ ಸಮಯಪಾಲನೆಯನ್ನು ಅದು ಕೊನೆಯ ನಿಲ್ದಾಣ ಮುಟ್ಟಿದ ಹೊತ್ತಿನಿಂದ ಅಳೆಯುವ ವಾಡಿಕೆ ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಬಂದದ್ದು. ಆದ್ದರಿಂದ ವೇಳಾಪಟ್ಟಿ ಹೆಣೆಯುವವರು ಕೊನೆಯ ಕೆಲವು ಕಿಲೋಮೀಟರುಗಳ ಲೆಕ್ಕಕ್ಕೆ ಧಾರಾಳವಾಗಿ ಹೆಚ್ಚಿನ ನಿಮಿಷಗಳನ್ನು ಸೇರಿಸಿಡುತ್ತಾರೆ. ದಾರಿಯಲ್ಲಿ ಗಾಡಿ ಕಳೆದುಕೊಂಡದ್ದನ್ನೆಲ್ಲ ಆ ನಿಮಿಷಗಳು ಸದ್ದಿಲ್ಲದೆ ನುಂಗಿಹಾಕುತ್ತವೆ. ಕೆಂಗೇರಿಯಿಂದ ಬೆಂಗಳೂರಿನ ದೊಡ್ಡ ನಿಲ್ದಾಣಕ್ಕೆ ಇರುವುದು 12–13 ಕಿಲೋಮೀಟರ್. ಅದಕ್ಕೆ ಗೊತ್ತುಮಾಡಿರುವ ಹೊತ್ತನ್ನು ನೋಡಿದರೆ, ಬರೆದವರು ಆ ದಾರಿಯನ್ನು ಮಧ್ಯೆ ಮಧ್ಯೆ ಕುಳಿತು ಸುಧಾರಿಸಿಕೊಳ್ಳುತ್ತ ಕಾಲ್ನಡಿಗೆಯಲ್ಲಿ ಅಳೆದಿರಬೇಕೆಂದು ಅನುಮಾನವಾಗುತ್ತದೆ. ಹೀಗೆ ನಮ್ಮ ಕಾಯುವಿಕೆ ಮೊದಲೇ ಅಚ್ಚಾಗಿ ಬಂದಿರುವುದರಿಂದ ಅದರ ಮೇಲೆ ದೂರು ಹೇಳುವಂತಿಲ್ಲ. ಇನ್ನು ಜ್ಞಾನಭಾರತಿಯಲ್ಲಿಯೋ ನಾಯಂಡಹಳ್ಳಿಯಲ್ಲಿಯೋ ಇಳಿದು ಕೆಲಸಕ್ಕೆ ಓಡುವವರ ತಡವಂತೂ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅವರು ಕೊನೆಯ ನಿಲ್ದಾಣದವರೆಗೆ ಬರಲಿಲ್ಲವಲ್ಲ! ಸಮಯಪಾಲನೆಯೆಂಬುದರ ಬಗ್ಗೆ ಒಂದು ಗಂಭೀರವಾದ ಮಾತನ್ನು ಹೇಳಬೇಕೆಂದೇ ನಾನು ಈ ಬರಹಕ್ಕೆ ಕುಳಿತದ್ದು. ಅದನ್ನು ಮುಂದೆ ಹೇಳುತ್ತೇನೆ.

ನಿಲ್ಲುವುದಕ್ಕೆ ಕಾರಣಗಳಿಲ್ಲವೆಂದಲ್ಲ. ಇರುವುದು ಹೋಗಲೊಂದು ಬರಲೊಂದು ಹಳಿ. ಅದರ ಮೇಲೆ ಮೈಸೂರಿನ ಎಕ್ಸ್‌ಪ್ರೆಸ್‌ಗಳು ಓಡಬೇಕು, ದೂರದ ಊರುಗಳ ರಾತ್ರಿ ಗಾಡಿಗಳು ಓಡಬೇಕು, ಸರಕು ಗಾಡಿಗಳು ಓಡಬೇಕು, 2022ರಿಂದ ಈಚೆಗೆ ಚೆನ್ನೈಗೆ ಹೋಗುವ ವಂದೇ ಭಾರತ್ ಓಡಬೇಕು. ಇವರೆಲ್ಲರ ಊಟವಾದ ಮೇಲೆ ಕಡೆಯ ಪಂಕ್ತಿಗೆ ನಮ್ಮನ್ನು ಕೂರಿಸುತ್ತಾರೆ. ಲೂಪ್ ಲೈನಿನಲ್ಲಿ ಒತ್ತರಿಸಿ ನಿಲ್ಲಿಸಿದ ಗಾಡಿಯ ಪಕ್ಕದಲ್ಲಿ ಎಕ್ಸ್‌ಪ್ರೆಸ್ ಧಡಧಡನೆ ಹಾದುಹೋದಾಗ ನಮ್ಮ ಬೋಗಿಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕೊನೆಗೆ ಊರ ಬಾಗಿಲಿಗೆ ಬಂದರೆ ಪ್ಲಾಟ್‌ಫಾರಂ ಖಾಲಿಯಿರುವುದಿಲ್ಲ. ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇರುವುದೇ ಹತ್ತು ಪ್ಲಾಟ್‌ಫಾರಂ, ಮತ್ತು ಬೆಳಗಿನ ಹೊತ್ತು ಊರಿನ ಎಲ್ಲ ದಿಕ್ಕುಗಳಿಂದಲೂ ಗಾಡಿಗಳು ಅಲ್ಲಿಗೇ ಬಂದು ಸೇರಬೇಕು.

ಲುಂಗಿ ಒಣಗುತ್ತಿದ್ದ ಆ ಬೆಳಿಗ್ಗೆ ಎದುರಿನ ಸೀಟಿನಲ್ಲಿದ್ದ ಮೇಷ್ಟ್ರು ಶ್ರೀರಂಗಪಟ್ಟಣದ ಮದ್ದಿನ ಮನೆಯ ಕತೆಯನ್ನು ತೆಗೆದರು. ಮಂಡ್ಯದ ಕಡೆಯವರಾದ ಅವರು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜವಿಜ್ಞಾನ ಕಲಿಸುತ್ತಾರೆ. ಗಾಡಿ ನಿಂತಾಗಲೆಲ್ಲ ಅವರು ಹೇಳುವುದು ಇದೊಂದೇ ಕತೆ; ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆಯೋ ಅದಕ್ಕೆ ತಕ್ಕಂತೆ ಕತೆ ಹಿಗ್ಗುತ್ತದೆ. ಬೆಂಗಳೂರು–ಮೈಸೂರು ಮಾರ್ಗಕ್ಕೆ ಎರಡನೆಯ ಹಳಿ ಹಾಕುತ್ತ ಬಂದವರು ಶ್ರೀರಂಗಪಟ್ಟಣ ನಿಲ್ದಾಣದ ಹತ್ತಿರ ತಟಸ್ಥರಾಗಿ ನಿಂತರು. ಹಳಿ ಹೋಗಬೇಕಾದ ಜಾಗದಲ್ಲಿಯೇ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು, ಇಟ್ಟಿಗೆ ಗಾರೆಗಳಿಂದ ಕಟ್ಟಿದ್ದು, ಜಾಗ ಬಿಡದೆ ಕುಳಿತಿತ್ತು. ಸ್ಮಾರಕವಾದ್ದರಿಂದ ಕೆಡಹುವಂತಿಲ್ಲ, ಕೆಡಹದೆ ಹಳಿ ಮುಂದೆ ಹೋಗುವಂತಿಲ್ಲ. ಇಡೀ ಮಾರ್ಗದ ಜೋಡಿ ಹಳಿ ಆ ಒಂದು ಕಟ್ಟಡದಿಂದಾಗಿ ವರ್ಷಗಟ್ಟಲೆ ಕಾಯಿತು. ಕೊನೆಗೆ, ಕಟ್ಟಡವನ್ನೇ ಎತ್ತಿ ಬೇರೆ ಕಡೆ ಇಡುವುದೆಂದು ತೀರ್ಮಾನವಾಗಿ, ಅಮೆರಿಕದಿಂದ ಪರಿಣತರು ಬಂದರು. ಅಡಿಪಾಯದ ಕೆಳಗೆ ಅಗೆದು, ಉಕ್ಕಿನ ತೊಲೆಗಳನ್ನು ತೂರಿಸಿ, ಹೈಡ್ರಾಲಿಕ್ ಜಾಕಿಗಳಿಂದ ಮೇಲೆತ್ತಿ, ಸುಮಾರು ಸಾವಿರ ಟನ್ ತೂಕದ ಆ ಮದ್ದಿನ ಮನೆಯನ್ನು 2017ರ ಮಾರ್ಚ್‌ನಲ್ಲಿ ನೂರು ಮೀಟರಿಗೂ ಆಚೆಯ ಹೊಸ ಜಾಗಕ್ಕೆ ಇಡಿಯಾಗಿ ಸರಿಸಿದರು.

ಮೇಷ್ಟ್ರು ಇದನ್ನು ಕಣ್ಣಾರೆ ನೋಡಲು ಶಾಲೆಗೆ ರಜೆ ಹಾಕಿ ಹೋಗಿದ್ದರಂತೆ. “ಜರುಗೋದು ಕಣ್ಣಿಗೆ ಕಾಣೋದೇ ಇಲ್ಲ ಸಾರ್. ಬೇಲಿ ಪಕ್ಕದಲ್ಲಿ ಒಂದು ಕಲ್ಲು ಗುರುತಿಗೆ ಇಟ್ಟುಕೊಂಡಿದ್ದೆ. ಊಟ ಮುಗಿಸ್ಕೊಂಡು ಬಂದು ನೋಡಿದ್ರೆ ಕಲ್ಲು ಹಿಂದಕ್ಕೆ ಬಿದ್ದುಹೋಗಿತ್ತು,” ಎಂದು, ಆ ಕಲ್ಲಿನ ಗಾತ್ರವನ್ನು ಕೈಯಲ್ಲಿ ತೋರಿಸಿದರು. ಲ್ಯಾಪ್‌ಟಾಪಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದ ಹುಡುಗಿಯೊಬ್ಬಳು “ಒಳಗಡೆ ಮದ್ದು ಇತ್ತಾ ಸಾರ್?” ಎಂದು ಕೇಳಿದಳು. “ಇದ್ದಿದ್ರೆ 1799ರಲ್ಲೇ ಖರ್ಚಾಗ್ತಿತ್ತಮ್ಮ,” ಎಂದರು ಮೇಷ್ಟ್ರು. ಅಷ್ಟಕ್ಕೇ ನಿಲ್ಲದೆ, ಕಟ್ಟಡವನ್ನು ಸರಿಸುವ ಬದಲು ಹಳಿಯನ್ನೇ ಸ್ವಲ್ಪ ಬಾಗಿಸಬಾರದಿತ್ತೇ ಎಂದು ಬಾಗಿಲ ಬಳಿ ನಿಂತಿದ್ದ ಒಬ್ಬರು ಕೇಳಿದ್ದೇ ತಡ, ಬೋಗಿಯಲ್ಲಿ ಎರಡು ಪಂಗಡಗಳಾದವು. ಬಾಗಿಸಿದರೆ ಗಾಡಿಯ ವೇಗ ಕಡಿಮೆ ಮಾಡಬೇಕಾಗುತ್ತದೆ ಎಂದು ಒಂದು ಪಂಗಡ. ಈಗ ಯಾವ ವೇಗದಲ್ಲಿ ಹೋಗಿ ಸುಟ್ಟುಕೊಳ್ಳುತ್ತಿದ್ದೇವೆ ಎಂದು ಇನ್ನೊಂದು. ಚನ್ನಪಟ್ಟಣದಲ್ಲಿ ಹತ್ತಿ, ಸೇವಂತಿಗೆಯ ಕುಕ್ಕೆಯ ಮೇಲೆ ಮೊಣಕೈ ಊರಿ ಇದೆಲ್ಲವನ್ನೂ ಕೇಳುತ್ತಿದ್ದ ಹೆಂಗಸು ಒಂದೇ ಮಾತಿನಲ್ಲಿ ವಾದವನ್ನು ಮುಗಿಸಿದಳು: “ಅಲ್ಲ ಸ್ವಾಮಿ, ಅಂಥ ಮನೇನೇ ಎತ್ತಿ ಮಡಗ್ದೋರಿಗೆ ಈ ಗಾಡಿ ಎತ್ತಿ ಟೇಸನ್ನಾಗೆ ಮಡಗಕ್ಕಾಗಲ್ವಾ?”

ಮೇಷ್ಟ್ರಿಗೆ ಆ ಹೊತ್ತಿಗೆ ಲೆಕ್ಕದ ಉತ್ಸಾಹ ಬಂದಿತ್ತು. ಮದ್ದಿನ ಮನೆ ದಿನಕ್ಕೆ ಇಷ್ಟು ಮೀಟರ್ ಎಂದು ಹಿಡಿದರೆ ಗಂಟೆಗೆ ಎಷ್ಟಾಯಿತು ಎಂದು ಅವರು ಪತ್ರಿಕೆಯ ಅಂಚಿನಲ್ಲಿ ಭಾಗಾಕಾರ ಮಾಡಿದರು. ಬಂದ ಉತ್ತರ ಬಹಳ ಸಣ್ಣದು. ಆದರೆ ನಮ್ಮ ಗಾಡಿಯ ಆಗಿನ ವೇಗ ಸೊನ್ನೆಯಾಗಿದ್ದುದರಿಂದ, ಟಿಪ್ಪುವಿನ ಶಸ್ತ್ರಾಗಾರವೇ ಮುಂದಿದೆ ಎಂಬುದನ್ನು ಬೋಗಿ ಒಮ್ಮತದಿಂದ ಒಪ್ಪಿಕೊಂಡಿತು. ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆದದ್ದು ಹೆಚ್ಚಾಯಿತೆಂದು ಯಾರಿಗಾದರೂ ಅನ್ನಿಸಿದರೆ, ಇದನ್ನು ಕೇಳಲು ಇಷ್ಟೊಂದು ಪುರುಸೊತ್ತನ್ನು ನಮಗೆ ಒದಗಿಸಿಕೊಟ್ಟವರು ಯಾರೆಂಬುದನ್ನು ಅವರು ನೆನೆಯಬೇಕು. ಆ ಕಟ್ಟಡ ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲ ಕುಳಿತಿದ್ದ ಜಾಗದಿಂದ ಎದ್ದು ಹೋದದ್ದು ಗಾಡಿಗಳು ಒಂದಕ್ಕೊಂದು ಕಾಯದೆ ಓಡಾಡಲಿ ಎಂದು. ಜೋಡಿ ಹಳಿಯೂ ಆಯಿತು, ವಿದ್ಯುತ್ ತಂತಿಯೂ ಬಂತು. ಬಂದ ಅನುಕೂಲವನ್ನೆಲ್ಲ ಹೆಚ್ಚಿನ ಎಕ್ಸ್‌ಪ್ರೆಸ್‌ಗಳು ಹಂಚಿಕೊಂಡವು.

ಹೀಗೆ ಗೊಣಗಿದಾಗಲೆಲ್ಲ ಉಪದೇಶ ಮಾಡುವವರು ಸಿದ್ಧರಾಗಿರುತ್ತಾರೆ. “ಒಂದು ಗಾಡಿ ಮುಂಚೆ ಹೊರಟರಾಯಿತಪ್ಪ,” ಎನ್ನುತ್ತಾರೆ. ಹೇಳುವವರು ಯಾವಾಗಲೂ ಕಾರಿನಲ್ಲಿ ಓಡಾಡುವವರು. ಒಂದು ಗಾಡಿ ಮುಂಚೆ ಎಂದರೆ ಹತ್ತು ನಿಮಿಷ ಮುಂಚೆ ಎಂದು ಅವರ ತಿಳಿವಳಿಕೆ. ನಮ್ಮ ಮಾರ್ಗದಲ್ಲಿ ಒಂದು ಗಾಡಿ ಮುಂಚೆ ಎಂದರೆ ಹಾಲಿನವನಿಗಿಂತ ಮೊದಲು ಏಳಬೇಕು, ಮತ್ತು ಕಚೇರಿಯ ಬೀಗ ತೆಗೆಯುವವನು ಬರುವತನಕ ಮೆಟ್ಟಿಲ ಮೇಲೆ ಕುಳಿತಿರಬೇಕು. ಮುಂಬೈಯಲ್ಲಿರುವ ನನ್ನ ಷಡ್ಡಕನಂತೂ ಬಂದಾಗಲೆಲ್ಲ ಲೋಕಲ್ ರೈಲಿನ ಗುಣಗಾನ ಮಾಡದೆ ಕೈತೊಳೆಯುವುದಿಲ್ಲ. ಅಲ್ಲಿ ಲೋಕಲ್‌ಗೆಂದೇ ಬೇರೆ ಹಳಿಗಳಿವೆ, ಒಂದು ತಪ್ಪಿದರೆ ಮೂರು ನಾಲ್ಕು ನಿಮಿಷಕ್ಕೆ ಮತ್ತೊಂದು ಬರುತ್ತದೆ ಎಂಬುದು ನಿಜವೇ. ಆ ನಿಜವನ್ನು ಪ್ರತಿ ಸಲವೂ ನಮ್ಮ ಮನೆಯ ಕಾಫಿ ಕುಡಿಯುತ್ತ ಹೇಳಬೇಕಾಗಿಲ್ಲ. ಕಳೆದ ಸಲ ನಮ್ಮ ಮೆಮುವಿನಲ್ಲಿ ಕರೆದುಕೊಂಡು ಬಂದಾಗ, ಈ ಮನುಷ್ಯ ಕೆಂಗೇರಿಯಲ್ಲಿಯೇ ಇಳಿದು ಟ್ಯಾಕ್ಸಿ ಹಿಡಿದ.

ಮೆಟ್ರೊ ಇದೆಯಲ್ಲ ಎನ್ನುವವರೂ ಇದ್ದಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಹಳದಿ ಮಾರ್ಗಕ್ಕಾಗಿ ಕಾದದ್ದನ್ನು ನೋಡಿದ ಮೇಲೆ ನಾನು ಆ ಮಾತನ್ನು ಆಡುವುದಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ. ಕಂಬಗಳೂ ನಿಲ್ದಾಣಗಳೂ ಸಿದ್ಧವಾಗಿ, ಮೇಲೆ ಓಡಲು ರೈಲುಗಳೇ ಇಲ್ಲದೆ ಬಹಳ ಕಾಲ ಕಾದವು. 2025ರ ಆಗಸ್ಟ್‌ನಲ್ಲಿ ಕೊನೆಗೂ ಬಾಗಿಲು ತೆರೆದಾಗ ಇದ್ದದ್ದು ಮೂರೇ ರೈಲು, ಆದ್ದರಿಂದ 25 ನಿಮಿಷಕ್ಕೊಂದು. ಆಮೇಲೆ ರೈಲುಗಳು ಒಂದೊಂದಾಗಿ ಬಂದು ಅಂತರ ಕಡಿಮೆಯಾಯಿತೆನ್ನಿ. “ಮಾವ, ನಿಮಗೆ ಕೂತುಕೊಳ್ಳೋಕೆ ನಿಂತಿರೋ ಗಾಡಿಯಾದರೂ ಇದೆ,” ಎಂದಿದ್ದಳು ಅವಳು ಆ ದಿನಗಳಲ್ಲಿ. ಆದರೂ ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅವಳ ಪ್ಲಾಟ್‌ಫಾರಮಿನಲ್ಲಿ ಮುಂದಿನ ರೈಲು ಎಷ್ಟು ನಿಮಿಷಕ್ಕೆ ಎಂದು ಫಲಕ ಹೇಳುತ್ತದೆ, ಹೇಳಿದ ಮೇಲೆ ಒಂದೊಂದೇ ನಿಮಿಷ ಇಳಿಸುತ್ತ ಬರುತ್ತದೆ. ಕಾಯಬೇಕೆಂಬುದನ್ನು ಒಪ್ಪಿಕೊಳ್ಳುವ ಯಂತ್ರ ಅದು.

ಉಪನಗರ ರೈಲಿನ ಮಾತನ್ನು ತೆಗೆಯಬಾರದೆಂದಿದ್ದೆ. ಆದರೆ ಆ ಬೆಳಿಗ್ಗೆ ಯಾರೋ ತೆಗೆದೇಬಿಟ್ಟರು. ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ 1864ರಲ್ಲಿಯೇ ಗಾಡಿ ಬಂದ ಊರು ಇದು. ತನ್ನದೇ ಆದ ಲೋಕಲ್ ರೈಲು ಮಾತ್ರ 160 ವರ್ಷ ಕಳೆದರೂ ಬರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸುಮಾರು 148 ಕಿಲೋಮೀಟರಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ, ನಲವತ್ತು ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರುಗಳು ಬಂದವು. ಆ ಯೋಜನೆಯಲ್ಲಿ ವೇಳೆಗೆ ಸರಿಯಾಗಿ ಬಂದದ್ದು ಅವೇ. ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ತುಂಬಿದಾಗ ನಾಲ್ಕರಲ್ಲಿ ಒಂದು ಮಾರ್ಗದಲ್ಲಿಯೂ ಗಾಡಿ ಓಡುತ್ತಿರಲಿಲ್ಲ. ನಮ್ಮ ದಿಕ್ಕಿನದು ಪಾರಿಜಾತ: ವೈಟ್‌ಫೀಲ್ಡಿನಿಂದ ಬಂದು ಕೆಂಗೇರಿಯಲ್ಲಿ ಮುಗಿಯುತ್ತದೆ. ಎಂದರೆ, ಅದು ನಾಳೆಯೇ ಓಡಿದರೂ ಬಿಡದಿ, ರಾಮನಗರ, ಚನ್ನಪಟ್ಟಣದವರು ಕೆಂಗೇರಿಯವರೆಗೆ ಇದೇ ಮೆಮುವಿನಲ್ಲಿಯೇ ಬರಬೇಕು. “ನಿಮ್ಮೂರನ್ನು ಬೆಂಗಳೂರಿಗೆ ಸೇರಿಸ್ತಾರಂತಲ್ಲ,” ಎಂದು ರಾಮನಗರದವರನ್ನು ಕಂಡು ಛೇಡಿಸುವವರು ಈ ಗಾಡಿಯಲ್ಲಿ ಒಮ್ಮೆ ಬರಬೇಕು. ಊರು ಸೇರಿಸುವುದು ಕಾಗದದ ಮೇಲೆ ಸುಲಭ.

ನಿಲ್ದಾಣ ತಲುಪಿ ಇಳಿದಾಗ ಧ್ವನಿವರ್ಧಕ ಬೇರೆ ಯಾವುದೋ ಗಾಡಿ ತಡವಾಗಿ ಬರುತ್ತಿರುವುದನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲಿಯೂ ಸಾರಿ, ಪ್ರಯಾಣಿಕರಿಗೆ ಆಗಿರುವ ಅಡಚಣೆಗಾಗಿ ವಿಷಾದಿಸುತ್ತಿತ್ತು. ಯಂತ್ರದ ಧ್ವನಿಯೇ ಆಗಲಿ, ವಿಷಾದ ವಿಷಾದವೇ. ನಮ್ಮ ಗಾಡಿ ತಡವಾಗಿಲ್ಲವಾದ್ದರಿಂದ ನಮಗೆ ಅದೂ ದಕ್ಕಲಿಲ್ಲ. ಕಚೇರಿಯಲ್ಲಿ ಬೆರಳೊತ್ತುವ ಯಂತ್ರ ಮಾತ್ರ ನನ್ನನ್ನು ತಡವೆಂದೇ ಬರೆದುಕೊಂಡಿತು. ಗಾಡಿ ಸರಿಯಾದ ವೇಳೆಗೆ ಬಂದಿದೆಯೆಂದು ಮೊಬೈಲು ತೋರಿಸುತ್ತಿರುವಾಗ ರೈಲಿನ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವ ಹಳೆಯ ದಾರಿಯೂ ಮುಚ್ಚಿಹೋಗಿದೆ.

ಸೀಸನ್ ಪಾಸಿನ ಅವಧಿ ಅದೇ ವಾರ ಮುಗಿಯುವುದಿತ್ತು. ಒಂದು ತಿಂಗಳದ್ದನ್ನು ಮಾಡಿಸಲೋ ಮೂರು ತಿಂಗಳದ್ದನ್ನೋ ಎಂದು ಸುಮ್ಮನೆ ಮೇಷ್ಟ್ರನ್ನು ಕೇಳಿದೆ. ಮೂರು ತಿಂಗಳ ಪಾಸಿಗೆ ತೆಗೆದುಕೊಳ್ಳುವುದು ತಿಂಗಳ ದರದ 2.7 ಪಟ್ಟು ಮಾತ್ರ, ಹಾಗಾಗಿ ಒಂಬತ್ತು ದಿನದ ದುಡ್ಡು ಉಳಿಯುತ್ತದೆ ಎಂದು ಅವರು ಅಲ್ಲಿಯೇ ನಿಂತು ಲೆಕ್ಕ ಹೇಳಿದರು. “ಮೂರು ತಿಂಗಳದ್ದೇ ತಗೊಳ್ಳಿ ಸಾರ್. ಅಷ್ಟರೊಳಗೆ ಇಲ್ಲೇನೂ ಬದಲಾಗಲ್ಲ,” ಎಂದರು. ಮೂರು ತಿಂಗಳದ್ದನ್ನೇ ತೆಗೆದುಕೊಂಡೆ.