ಕುಂದಗೋಳದ ಆ ರಾತ್ರಿ

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿಯನ್ನು ರೇಡಿಯೋದಲ್ಲಿ ಕೇಳಿ ಗಂಡಸು ಅಂದುಕೊಂಡವರು ಎಷ್ಟೋ ಜನ. ಅವರಲ್ಲಿ ನಾನೂ ಒಬ್ಬ! ಧಾರವಾಡ ಆಕಾಶವಾಣಿ ಕೇಳುತ್ತಾ ಬೆಳೆದರೂ ಅದು ಗಂಟಲಿನ ಚಿಕಿತ್ಸೆಯ ನಂತರ ಬದಲಾದ ದನಿ ಅಂತ ಗೊತ್ತಿರಲಿಲ್ಲ.

ಪಿಯುಸಿಯಲ್ಲಿದ್ದಾಗ ಅಪ್ಪ ಹುಬ್ಬಳ್ಳಿ ಹತ್ತಿರದ ಕುಂದಗೋಳಕ್ಕೆ ಕರೆದುಕೊಂಡು ಹೋಗಿದ್ದರು, ಗಂಗೂಬಾಯಿ ಅವರ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗೆ. ನಾಡಿಗೇರ ವಾಡೆ ಅನ್ನುವ ಹಳೆಯ ದೊಡ್ಡ ಮನೆ, ಅಹೋರಾತ್ರಿ ಸಂಗೀತ, ಹೊರಗೆ ಮಿರ್ಚಿ ಭಜಿ ವಾಸನೆ. ನಡುರಾತ್ರಿ ಮುಂದಿನ ಸಾಲಿನ ಅಜ್ಜಂದಿರು ಗೋಡೆಗೆ ಒರಗಿ ನಿದ್ದೆ ಹೋದರು ನೋಡಿ, ನಾನು ತೆವಳಿಕೊಂಡೇ ಮುಂದೆ ಹೋಗಿ ಕೂತೆ, ಹೆಚ್ಚಂದ್ರೆ ಐದಾರು ಅಡಿ ದೂರ. ಎದುರಿಗೆ ಹಾಡಲಿಕ್ಕೆ ಕೂತ ಗಂಗೂಬಾಯಿ, ಇಷ್ಟೇ ಇಷ್ಟು ಎತ್ತರದ ಅಜ್ಜಿ. ಹಿಂದೆ ಮಗಳು ಕೃಷ್ಣಾ ಹಾನಗಲ್. ಒಂದು ಕೈ ಕಿವಿಗೆ ಹೋಯಿತು, ಷಡ್ಜ, ಅಂದರೆ ‘ಸಾ’ ಸ್ವರ, ಬಂತು. ದನಿ ಅವರ ಬಾಯಿಂದ ಬಂತೋ ವಾಡೆಯ ತೊಲೆಗಳಿಂದ ಬಂತೋ ಅಂತ ನಾನು ನಿಜಕ್ಕೂ ಮೇಲೆ ನೋಡಿದೆ. ಕೊರಳಿನ ನರ ಉಬ್ಬುತ್ತಿತ್ತು, ಮುಖ ಮಾತ್ರ ಮನೆಯಲ್ಲಿ ಅಕ್ಕಿ ಆರಿಸುವವರ ಹಾಗೆ ಶಾಂತ.

ಮುಗಿದ ಮೇಲೆ ನನ್ನ ಪಕ್ಕದಿಂದಲೇ ಹೊರಟರು. ಕಾಲು ಮುಟ್ಟು ಅಂತ ಅಪ್ಪ ಹಿಂದಿನಿಂದ ಸನ್ನೆ ಮಾಡುತ್ತಿದ್ದಾರೆ, ಆದರೆ ಅಷ್ಟು ಹೊತ್ತು ಚಕ್ಕಳಮಕ್ಕಳ ಹಾಕಿ ಕೂತಿದ್ದಕ್ಕೆ ನನ್ನ ಎರಡೂ ಕಾಲು ಜೋಮು ಹಿಡಿದು ಏಳಲಿಕ್ಕೇ ಆಗಲಿಲ್ಲ. ಸುಮ್ನೆ ಕೂತಲ್ಲೇ ಕೈ ಮುಗಿದೆ. ಅವರು ನೋಡಿದರೋ ಇಲ್ಲವೋ.

ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಹುಬ್ಬಳ್ಳಿಗೆ ಬರುವಾಗ ಅಪ್ಪ ಹೇಳಿದರು, ಗುರುಗಳ ಹತ್ತಿರ ಕಲಿಯಲಿಕ್ಕೆ ಗಂಗೂಬಾಯಿ ಅವರು ಓಡಾಡುತ್ತಿದ್ದದ್ದೂ ಇದೇ ರೈಲು ದಾರಿಯಲ್ಲಿ ಅಂತ. ನನಗಿನ್ನೂ ಕಾಲು ಚುಳುಚುಳು ಅನ್ನುತ್ತಿತ್ತು.